ಹೆಜ್ಜೆಯ ಇಟ್ಟಿಗೆ

ಆ ಹೆಂಗಸು ಇಟ್ಟಿಗೆ ಕೀಳುತ್ತಿದ್ದಾಳೆಂದು ಕಾವಲುಗಾರ ರಾಮಸ್ವಾರಥನಿಗೆ ಖಾತ್ರಿಯಾಯಿತು. ನಳಂದದ ಹಾಳು ವಿಹಾರವೊಂದರ ಮೂಲೆಯ ಕೋಣೆ. ಗೋಡೆಗೆ ಮುಖಮಾಡಿ ಕೂತಿದ್ದಳು. ಮೊಣಕೈ ಮಾತ್ರ ಅಲುಗುತ್ತಿತ್ತು. ಅವನು ಲಾಠಿ ಹಿಡಿದು ಓಡಿದ.

ಕೀಳುತ್ತಿರಲಿಲ್ಲ. ಹೊಸ್ತಿಲ ಬಳಿಯ ಇಟ್ಟಿಗೆಗೆ ಸಾಸಿವೆ ಎಣ್ಣೆ ತಿಕ್ಕುತ್ತಿದ್ದಳು.

ಆ ಇಟ್ಟಿಗೆ ಎಲ್ಲರಿಗೂ ಗೊತ್ತು. ಅದರಲ್ಲೊಂದು ಮಗುವಿನ ಎಡಹೆಜ್ಜೆ. ಪಾಠ ತಪ್ಪಿಸಿ ಓಡಿದ ಪುಟ್ಟ ಭಿಕ್ಷುವಿನದು, ಸಾವಿರದೈನೂರು ವರ್ಷ ಹಳೆಯದು ಎನ್ನುತ್ತಾರೆ ಗೈಡುಗಳು. ಯಾತ್ರಿಕರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ.

"ಮಕ್ಕಳು ದಷ್ಟಪುಷ್ಟ ಆಗ್ಲಿ ಅಂತ ಎಣ್ಣೆ ಸುರಿಯೋದು ಆಚೆ ತೇಲಿಯಾ ಬಾಬಾ ಅನ್ನೋ ಬುದ್ಧನ ಮೂರ್ತಿಗೆ, ಕಾಕಿ. ಇಲ್ಲೂ ಒಂದು ದೇವರನ್ನ ಹುಟ್ಟಿಸ್ಬೇಡ. ನನ್ನ ಕೆಲಸ ಹೋಗುತ್ತೆ."

ಆ ಹೆಂಗಸು, ಸುಗಿಯಾ, ಕೈ ತೆಗೆಯಲಿಲ್ಲ. ಪ್ರತಿ ಮಾಘದಲ್ಲೂ ಟಿಕೆಟ್ ಕೊಂಡು ಬರುವವಳು. ಸುಟ್ಟ ಮಣ್ಣಿನಂಥ ಒರಟು ಬೆರಳಿನಿಂದ ಹೆಜ್ಜೆಯ ಒಂದೊಂದೇ ಬೆರಳನ್ನು ನೀವುತ್ತಿದ್ದಳು.

ನಾಳೆಯಿಂದ ಗಾಜಿನ ಪೆಟ್ಟಿಗೆ ಬರುತ್ತದೆ, ಯಾರೂ ಮುಟ್ಟುವಂತಿಲ್ಲ ಎಂದ ಅವನು. ಅವಳ ಕೈ ನಿಂತಿತು. ಗಾಜು ಯಾಕೆ ಎಂದು ಕೇಳಿದಳು.

"ಹಳೇದಲ್ವಾ? ದುರಸ್ತಿಲಿ ಸೇರಿಸಿದ ಹೊಸ ಇಟ್ಟಿಗೆ ಆಗಿದ್ರೆ ಕಿತ್ತು ಎಸೀತಿದ್ರು."

ಅಷ್ಟರಲ್ಲಿ ಪುರಾತತ್ವ ಇಲಾಖೆಯ ಅಧಿಕಾರಿ ಟೇಪು ಹಿಡಿದು ಬಂದರು. ಅಳೆದರು. ಅಕ್ಕಪಕ್ಕದ ಇಟ್ಟಿಗೆಗಿಂತ ಕೂದಲೆಳೆಯಷ್ಟು ಸಣ್ಣದು. ಅವರ ಹುಬ್ಬು ಗಂಟಿಕ್ಕಿತು. ಊರಿನವಳೇ ಎಂದು ಸುಗಿಯಾಳನ್ನು ವಿಚಾರಿಸಿದರು. ಇದರ ಬಗ್ಗೆ ಹಿರಿಯರು ಏನಾದರೂ ಹೇಳಿದ್ದುಂಟೇ ಎಂದರು.

ಅವಳು ಬಹಳ ಹೊತ್ತು ಹೆಜ್ಜೆಯನ್ನೇ ನೋಡಿದಳು.

"ನಮ್ಮಜ್ಜಿಯ ಅಜ್ಜಿ ಕಾಲಕ್ಕೂ ಇತ್ತಂತೆ, ಸಾಹೇಬ್ರೆ. ಹಳೇದೇ. ಗಾಜು ಹಾಕಿ."

ಅಧಿಕಾರಿ ಬರೆದುಕೊಂಡು ಹೋದರು. ಸುಗಿಯಾ ಸೆರಗಿನಿಂದ ಎಣ್ಣೆ ಒರೆಸಿದಳು. ಎರಡು ಸಲ ಒರೆಸಿದಳು. ಎದ್ದು ನಿಂತಳು.

"ಗೈಡುಗಳಿಗೆ ಹೇಳು ಬಾಬು. ಆ ಮಗು ತಪ್ಪಿಸ್ಕೊಂಡು ಓಡ್ತಿರ್ಲಿಲ್ಲ. ಕರೆದ್ರು ಅಂತ ಓಡಿ ಬರ್ತಿತ್ತು."

ರಾಮಸ್ವಾರಥ ನಕ್ಕ. "ನೀನೇ ನಿಂತು ನೋಡಿದ ಹಾಗೆ ಹೇಳ್ತೀಯಲ್ಲ, ಕಾಕಿ."

"ಹಾಗೇ ಅಂದ್ಕೋ."

ಇಪ್ಪತ್ತೆರಡು ವರ್ಷದ ಹಿಂದೆ, ದುರಸ್ತಿಗೆಂದು ತಾನೇ ಅಚ್ಚು ಹಾಕಿ ಒಣಗಲಿಟ್ಟ ಇಟ್ಟಿಗೆಗಳ ಸಾಲಿನಾಚೆ ನಿಂತು 'ಬಾ' ಎಂದು ಕೈಚಾಚಿದವಳು ಸುಗಿಯಾ. ಹಸಿಮಣ್ಣು ತುಳಿದು ಓಡಿ ಬಂದ ಮಗಳು, ಆ ಇಟ್ಟಿಗೆ ಗೂಡಿನಿಂದ ಹೊರಬರುವಷ್ಟರಲ್ಲಿ ಜ್ವರದಲ್ಲಿ ಹೋಗಿಬಿಟ್ಟಿದ್ದಳು.