ಬೆಲ್ಲದ ತಟ್ಟೆ

ಹಿಂದಿನ ಕಾಲದ ಮಕ್ಕಳು ಎಷ್ಟು ತೂಗುತ್ತಿದ್ದರೆಂದು ತಿಳಿದು ಬರೆಯಲು ಕಾಲೇಜಿನ ಹುಡುಗಿಯೊಬ್ಬಳು ದೇವಸ್ಥಾನದ ಹಳೆಯ ತುಲಾಭಾರದ ಲೆಕ್ಕಗಳನ್ನೆಲ್ಲ ಓದಿ ಮುಗಿಸಿದ್ದಳು. ಯಾರ ಮಗು, ಎಷ್ಟು ಬೆಲ್ಲ, ಎಲ್ಲವೂ ಅದರಲ್ಲಿತ್ತು. ಆಗ ತಕ್ಕಡಿ ನೋಡಿಕೊಳ್ಳುತ್ತಿದ್ದ ಗಿರಿಯಣ್ಣ ಇನ್ನೂ ಇದ್ದಾನೆಂದು ಗೊತ್ತಾಗಿ ಅವನ ಜಗಲಿಗೇ ಬಂದಳು.

“ತಾತ, ಸಾಹುಕಾರರ ಮಕ್ಕಳ ಮುಂದೆ ಬಡವರ ಮಕ್ಕಳು ತೀರಾ ಹಗುರ. ಅಷ್ಟು ಹೊಟ್ಟೆಗಿಲ್ದೆ ಇದ್ರಾ ಆಗ?”

ಗಿರಿಯಣ್ಣ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನೇ ಮರೆತ. ದೇವರ ಪಾಲಿಗೆ ಕನ್ನ ಹಾಕಿದ ಪಾಪವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಆದರೆ ಓದಿದ ಹುಡುಗಿ ಸುಳ್ಳನ್ನೇ ನಿಜವೆಂದು ಬರೆದುಬಿಟ್ಟರೆ?

“ಹಸಿವಿತ್ತು ಕಣವ್ವ, ಅಷ್ಟಿರಲಿಲ್ಲ. ಒಲೆ ಹಚ್ಚಕ್ಕೆ ಗತಿಯಿಲ್ದೋರೂ ಹರಕೆ ಅಂತ ಬೆಲ್ಲ ಹೊತ್ಕೊಂಡು ಬರೋರು. ನೋಡಕ್ಕಾಗ್ದೆ ನಾನು ಬೆಲ್ಲದ ತಟ್ಟೇನ ಕಾಲ್ಬೆರಳಲ್ಲಿ ಅದುಮಿ ಹಿಡೀತಿದ್ದೆ. ಸ್ವಲ್ಪ ಬೆಲ್ಲಕ್ಕೇ ಮಗು ಮೇಲೇಳೋದು. ಉಳಿದಿದ್ದು ಅವರ ಮನೆಗೆ ವಾಪಸ್.”

“ಯಾರಿಗೂ ಗೊತ್ತಾಗ್ತಿರಲಿಲ್ವಾ?”

“ಪಂಚೆ ಅಡ್ಡ ಇರ್ತಿತ್ತಲ್ಲ. ದೇವರಿಗೆ ಮೋಸ ಮಾಡ್ದೆ, ಆ ಪಾಪ ನನ್ನ ತಲೆಗೇ ಇರ್ಲಿ. ಬೇರೆ ಯಾರಿಗೂ ಅದ್ರಿಂದ ಕೆಟ್ಟದಾಗ್ಲಿಲ್ಲವಲ್ಲ.”

ಹುಡುಗಿ ಬರೆಯುವುದನ್ನು ನಿಲ್ಲಿಸಿ ಅವನ ಪಾದಗಳನ್ನೇ ನೋಡುತ್ತ ಕುಳಿತಳು.

“ನಮ್ಮಪ್ಪನ್ನೂ ನೀವೇ ತೂಗಿದ್ದು ತಾತ,” ಎಂದಳು ಕೊನೆಗೆ. “ಉಳಿದ ಬೆಲ್ಲ ಮಡಿಲಲ್ಲಿ ಕಟ್ಕೊಂಡು ಮನೆಗೆ ಬಂದ ನಮ್ಮಜ್ಜಿ, ನನ್ನ ಎದೆಹಾಲು ಸಾಲದೆ ಮಗ ಇಷ್ಟು ಹಗುರಾಗಿಬಿಟ್ಟ ಅಂತ ಸಾಯೋವರೆಗೂ ಅಳ್ತಾನೇ ಇದ್ರು.”