ಸವೆದ ದನಿ

ಆ ಊರಿನಲ್ಲಿ ಕಿವುಡು ಒಂದೊಂದೇ ದನಿಯನ್ನು ನುಂಗುತ್ತಿತ್ತು. ಆಸೆಪಟ್ಟು ಕೇಳಿದ ದನಿಯೇ ಮೊದಲು ಸವೆಯುತ್ತಿತ್ತು. ಪವರ್‌ಲೂಮಿನ ಸದ್ದಿಗೆ ಇನ್ನೂ ಬೇಗ. ಅದಕ್ಕೇ ವರ್ಷಕ್ಕೊಮ್ಮೆ ನೇಕಾರರ ಕಿವಿ ಪರೀಕ್ಷೆ: ಪರಿಚಿತರು ಬೆನ್ನ ಹಿಂದೆ ನಿಂತು ಮಾತಾಡಬೇಕು, ಕೇಳಿಸಿದರೆ ನೇಕಾರ ಕೈ ಎತ್ತಬೇಕು.

"ಊಟಕ್ಕ ಏನ್ ಮಾಡ್ಲಿ?" ಎಂದಳು ನೀಲವ್ವ. ಗಂಡ ಗುರುಸಿದ್ದಪ್ಪ ತಟ್ಟನೆ ಕೈ ಎತ್ತಿದ. ಅವಳ ಮುಖ ಸಣ್ಣಗಾಯಿತು.

ಪಕ್ಕದ ಮಗ್ಗದ ಕಸ್ತೂರವ್ವ, "ಅಣ್ಣಾರ, ನೂಲು ಹರೀತು ನೋಡ್ರಿ" ಎಂದಳು. ಕೈ ಮೇಲೇಳಲಿಲ್ಲ.

"ಇನ್ನಮ್ಯಾಲರ ಇಯರ್‌ಮಫ್ ಹಾಕ್ಕೋರಿ" ಎಂದರು ಡಾಕ್ಟರು.

ನೀಲವ್ವ ಗಂಡನ ಎದುರಿಗೆ ಬಂದವಳೇ, "ಇಷ್ಟ್ ವರ್ಷ ಆಕಿ ಮಾತ ಕೇಳ್ಕೋತ ಕುಂತಿದ್ರೇನು?" ಎಂದು ಹರಿಹಾಯ್ದಳು.

ಗುರುಸಿದ್ದಪ್ಪ ಕೈಮುಗಿದು ಏನೋ ಹೇಳತೊಡಗಿದ. ತುಟಿಯಾಡಿದ್ದಷ್ಟೇ ಅವಳಿಗೆ ಕಂಡಿತು. ಆ ದನಿ ಅವಳ ಕಿವಿಯಲ್ಲಿ ಸವೆದುಹೋಗಿ ವರ್ಷಗಳೇ ಆಗಿದ್ದವು.