ಅವ್ವನ ಭುಜದ ಅಳತೆ

ಕಚೇರಿಗೆಂದು ನಾನು ಇಂದಿಗೂ ದಪ್ಪ ಖಾಕಿ ಬಟ್ಟೆಯ ಅಂಗಿಯನ್ನೇ ಹೊಲಿಸುತ್ತೇನೆ; ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಸಾಕು, ಹಗರಿಬೊಮ್ಮನಹಳ್ಳಿಯ ದರ್ಜಿ ಅಂಗಡಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ತಂಬ್ರಹಳ್ಳಿಯಲ್ಲಿ ಮೆಕ್ಕೆಜೋಳ ಮುರಿಯಲು ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಡುತ್ತಿದ್ದರು. ಇಲ್ಲದಿದ್ದರೆ ಗರಿ ಕೈ ಕೊಯ್ಯುತ್ತಿತ್ತು. ಅಪ್ಪನ ಅಂಗಿ ಚಿಂದಿಯಾದ ವರ್ಷ ಅವ್ವ ಖಾಕಿ ಬಟ್ಟೆ ಕೊಂಡು, ನನ್ನನ್ನೂ ಕರೆದುಕೊಂಡು ಆ ಅಂಗಡಿಗೆ ಹೋದಳು.

"ಯಜಮಾನ್ರ ಅಳತಿ ಅಂಗಿ ತಂದೀಯೇನವ್ವ?" ದರ್ಜಿ ಕೇಳಿದ.

"ಅಂಗಿ ನನಗ್ರಿ. ನನ್ನ ಅಳತಿ ತಗೊಳ್ರಿ."

ಬೆಂಚಿನ ಮೇಲೆ ಕೂತಿದ್ದ ಗಂಡಸರು ನಕ್ಕರು. ದರ್ಜಿ ಸಂಕೋಚದಿಂದ ಟೇಪನ್ನು ನನ್ನ ಕೈಗೆ ಕೊಟ್ಟ. ಸ್ಟೂಲು ಹತ್ತಿ, ಅವ್ವನ ಬೆನ್ನಿಗೆ ಹಿಡಿದು, "ಭುಜ ಹದಿನೆಂಟು," ಎಂದೆ.

"ಅದು ಗಂಡಸರ ಅಳತಿ. ಇನ್ನೊಮ್ಮಿ ಸರಿಯಾಗಿ ಹಿಡಿಯವ್ವ."

ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಹಿಡಿದೆ. ಹದಿನೆಂಟೇ ಬಂತು. ದರ್ಜಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ.

ಅವ್ವ ನಿಂತಲ್ಲಿಂದ ಕದಲಲಿಲ್ಲ.

"ಭುಜ ನಂದು, ಅಳತಿ ಓದಿದಾಕಿ ನನ್ನ ಮಗಳು. ಬರ್ಕೊಳ್ರಿ," ಎಂದಳು.